ಗಾಡಿ ಓಡಿಸಿದವರ ಹೆಸರು

ಸರ್ಕಾರದ ದಾಖಲೆಯನ್ನು ನಂಬುವುದಾದರೆ, ಗಾಡಿಯನ್ನು ಅಡ್ಡಾದಿಡ್ಡಿ ಓಡಿಸುವವರಲ್ಲಿ ನಮ್ಮೂರಿನ ಅಜ್ಜಿಯರದೇ ಎತ್ತಿದ ಕೈ. ಲೈಸೆನ್ಸಿನ ಜೊತೆ ಎಲ್ಲರಿಗೂ ಇಪ್ಪತ್ತು ಪಾಯಿಂಟು ಕೊಡುತ್ತಾರೆ, ತಪ್ಪು ಮಾಡಿದಾಗ ಕತ್ತರಿಸುತ್ತಾರೆ. ಮಗನೋ ಮೊಮ್ಮಗನೋ ರಸ್ತೆಯ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ಮನೆಗೆ ಕಾಗದ ಬರುತ್ತದೆ, ಗಾಡಿ ಓಡಿಸಿದವರ ಹೆಸರು ಬರೆಯಿರಿ ಎಂದು. ಆಗ ಅಜ್ಜಿಯ ಹೆಸರು ಬರೆಯುತ್ತಾರೆ, ಪಾಯಿಂಟು ಹೋಗುವುದು ಅವಳದು. ಹಬ್ಬಕ್ಕೆ ಮಕ್ಕಳ ಕೈಗೆ ಕಾಸು ಇಟ್ಟಂತೆ ಅಜ್ಜಿಯರೂ ಪಾಯಿಂಟು ಕೊಟ್ಟುಬಿಡುತ್ತಾರೆ. ನಾನೂ ನನ್ನ ಮಗ ಕೊಸಿಮೊಗೆ ಎರಡು ಸಲ ಕೊಟ್ಟಿದ್ದೆ. ಅವನ ದೊಡ್ಡ ಕಾರು ಇರುವುದೂ ನನ್ನ ಹೆಸರಿನಲ್ಲೇ. ವಿಮೆ ಅಗ್ಗವಾಗುತ್ತದೆಂದು ಅವನೇ ಹಾಗೆ ಮಾಡಿಸಿದ್ದ.

ಆದರೆ ಈ ಅದ್ದೊಲೊರಾತಾ, ಅಂದರೆ ನಾನು, ಲೈಸೆನ್ಸನ್ನು ಡ್ರಾಯರಿನಲ್ಲಿಟ್ಟು ಕುಳಿತವಳಲ್ಲ. ಬೇಸಿಗೆ ಬಂತೆಂದರೆ ಪ್ರತಿದಿನ ಬೆಳಗ್ಗೆ ನನ್ನ ಹಳೇ ಪಾಂಡಾ ಕಾರಿನಲ್ಲಿ ಗೆಳತಿಯರಾದ ಪಾಲ್ಮಿರಾ, ವಿತಾ ಇಬ್ಬರನ್ನೂ ಹತ್ತಿಸಿಕೊಂಡು ಸಮುದ್ರಕ್ಕೆ ಹೋಗುತ್ತೇನೆ. ಸೊಂಟಮಟ್ಟದ ನೀರಿನಲ್ಲಿ ಹ್ಯಾಟು ಹಾಕಿಕೊಂಡು ನಿಂತು ಊರಿನವರನ್ನೆಲ್ಲ ಆಡಿಕೊಳ್ಳುತ್ತೇವೆ. ಆ ನೀರಿನಲ್ಲಿದ್ದಷ್ಟು ಹೊತ್ತು ವಿತಾಳ ಮಂಡಿ ನೋಯುವುದಿಲ್ಲ. ಅಲ್ಲಿಗೆ ಬಸ್ಸಿಲ್ಲ. ನನ್ನ ಲೈಸೆನ್ಸು ಹೋದರೆ ಮೂವರ ಬೇಸಿಗೆಯೂ ಹೋದಂತೆಯೇ.

ಜೂನಿನ ಒಂದು ಭಾನುವಾರ ಊಟದ ಹೊತ್ತಿಗೆ ಕೊಸಿಮೊ ನನ್ನ ತಟ್ಟೆಯ ಪಕ್ಕ ಇನ್ನೊಂದು ಕಾಗದ ತಂದಿಟ್ಟ. ಹೋಟೆಲುಗಳಿಗೆ ವೈನ್ ಮಾರುವ ಕೆಲಸ ಅವನದು, ಇಡೀ ದಿನ ರಸ್ತೆಯಲ್ಲೇ ಇರುತ್ತಾನೆ. ಬರೀ ಪಾಯಿಂಟು ಅಮ್ಮ, ಸಹಿ ಹಾಕು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಚೀಸ್ ತುರಿಯುತ್ತಿದ್ದ. ಹೆತ್ತವಳಿಗೆ ಅಷ್ಟು ಸಾಕು. ನೋಡೋಣ ಎಂದು ಕಾಗದವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಮರುದಿನ ನಗರ ಪೊಲೀಸರ ಕಚೇರಿಗೆ ಹೋಗಿ, ಫೋಟೋ ನೋಡುವುದು ನನ್ನ ಹಕ್ಕು, ತೋರಿಸಿ ಎಂದೆ. ಕೌಂಟರಿನಲ್ಲಿದ್ದ ಹುಡುಗಿ ತಕರಾರಿಲ್ಲದೆ ತೋರಿಸಿದಳು. ಕಾರಿನ ಹಿಂಭಾಗ, ನಂಬರ್ ಪ್ಲೇಟು, ಅಷ್ಟೇ. ಯಾರ ಮುಖವೂ ಇಲ್ಲ. ಅವಳು ಒಮ್ಮೆ ಕಂಪ್ಯೂಟರನ್ನೂ ಒಮ್ಮೆ ನನ್ನ ನರೆಗೂದಲನ್ನೂ ನೋಡಿದಳು.

"ಮಿತಿಗಿಂತ ಐವತ್ತು ಕಿಲೋಮೀಟರ್ ಜಾಸ್ತಿ ಹೋಗಿದೆ ಅಮ್ಮಾ ಗಾಡಿ," ಎಂದಳು. "ಇದಕ್ಕೆ ಬರೀ ಪಾಯಿಂಟಲ್ಲ. ಲೈಸೆನ್ಸನ್ನೇ ಒಂದರಿಂದ ಮೂರು ತಿಂಗಳು ಕಿತ್ಕೋತಾರೆ. ಇಲ್ಲಿ ಯಾರ ಹೆಸರು ಬರೀತೀರೋ ಅವರದ್ದು. ಸುಳ್ಳು ಬರೆದ್ರೆ ಅದು ಬೇರೆ ಕೇಸು."

ಅಂದರೆ ಇಡೀ ಬೇಸಿಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಅವನನ್ನು ಕರೆಸಿದೆ. ಮೊದಲು, ಗೊತ್ತೇ ಇರಲಿಲ್ಲ ಎಂದ. ಆಮೇಲೆ, ಗೊತ್ತಿತ್ತು, ಏನು ಮಾಡಲಿ, ಕೆಲಸಕ್ಕೇ ಕುತ್ತು ಬರುತ್ತೆ ಎಂದ. ಕೊನೆಗೆ, ಯಾರ ಹೆಸರನ್ನೂ ಬರೆಯದೆ ಇನ್ನೊಂದು ದಂಡ ಕಟ್ಟಿದರೆ ಯಾರ ಲೈಸೆನ್ಸೂ ಹೋಗುವುದಿಲ್ಲ, ಆ ದಂಡ ನಾನೇ ಕಟ್ಟುತ್ತೇನೆ ಎಂದ. ಕಾನೂನಿನಲ್ಲಿ ಅಂಥ ಕಿಂಡಿ ಇರುವುದು ನಿಜ. ಈ ದಾರಿ ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತಂತೆ. ದಂಡ ದುಬಾರಿಯಂತೆ. ಅಮ್ಮನ ಬೇಸಿಗೆ ಪುಕ್ಕಟೆ, ಅದಕ್ಕೇ ಮೊದಲು ಅದಕ್ಕೆ ಕೈ ಹಾಕಿದ್ದ.

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ.

"ಈ ವಯಸ್ಸಲ್ಲಿ ನಿಂಗೆ ಲೈಸೆನ್ಸ್ ಯಾಕಮ್ಮ?" ಎಂದ. "ನೀನು ಹೋಗೋದಾದ್ರೂ ಎಲ್ಲಿಗೆ?"

ಆ ಮಾತು ಅವನು ಆಡಬಾರದಿತ್ತು.

"ಹೆಂಗಸರಿಗೆ ಯಾಕೆ ಗಾಡಿ ಅಂತ ನಿಮ್ಮಪ್ಪ ಕೂಗಾಡ್ತಿದ್ದಾಗ್ಲೇ ಕಲಿತವಳು ನಾನು," ಎಂದೆ. "ನೀನ್ಯಾವ ಲೆಕ್ಕ ಕಣೋ?"

ಅವನೆದುರಿಗೇ ಪೆನ್ನು ತೆಗೆದುಕೊಂಡು, ಗಾಡಿ ಓಡಿಸಿದವರ ಹೆಸರು ಎಂದಿದ್ದ ಜಾಗದಲ್ಲಿ ಅವನ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದೆ. ಬೆಳಗ್ಗೆ ನಾನೇ ಹೋಗಿ ಅಂಚೆಗೆ ಹಾಕಿದೆ. ಸಂಕಟವಾಗಲಿಲ್ಲವೇ ಎಂದರೆ, ಆಯಿತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಆದರೆ ಕಾಗದ ವಾಪಸು ಕೊಡಿ ಎಂದು ಕೇಳಲು ಒಳಗೆ ಹೋಗಲಿಲ್ಲ.

ಜುಲೈಯಲ್ಲಿ ಅವನ ಲೈಸೆನ್ಸು ಹೋಯಿತು. ಹೆತ್ತ ಮಗನನ್ನೇ ಹಿಡಿದುಕೊಟ್ಟವಳು ಎಂದು ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿ. ಕೊಸಿಮೊ ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದ. ಕೆಲಸವೇನೂ ಹೋಗಲಿಲ್ಲ, ಗಾಡಿ ಓಡಿಸುವವರು ಮಾತ್ರ ಬೇಕಾಗಿತ್ತು. ಒಂದು ಬೆಳಗ್ಗೆ ವೈನ್ ಬಾಟಲಿಗಳ ಡಬ್ಬ ಹಿಡಿದು ನನ್ನ ಬಾಗಿಲಲ್ಲಿ ಬಂದು ನಿಂತ. ಸಮುದ್ರದ ಕಡೆಯ ಹೋಟೆಲೊಂದಕ್ಕೆ ಬಿಡುತ್ತೀಯಾ ಎಂದು ನೆಲ ನೋಡಿಕೊಂಡು ಕೇಳಿದ. ಕಾರು ಹತ್ತು ಎಂದೆ.

ಮುಂದಿನ ಸೀಟು ಪಾಲ್ಮಿರಾಳದು, ಅದನ್ನು ಅವಳು ಪೋಪರಿಗೂ ಬಿಡುವವಳಲ್ಲ. ಕೊಸಿಮೊ ಹಿಂದೆ, ಈಜುಡುಗೆಯ ಮೇಲೆ ಟವಲು ಹೊದ್ದ ವಿತಾಳ ಪಕ್ಕದಲ್ಲಿ, ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು ಮುದುಡಿ ಕುಳಿತ. ಐವತ್ತು ಎಂಬ ಫಲಕವಿದ್ದ ಕಡೆ ಐವತ್ತರಲ್ಲೇ ಹೋದೆ. ಹಿಂದಿನವರು ಹಾರ್ನ್ ಬಾರಿಸಿ ಸುಸ್ತಾದರು. ತಡವಾಗುತ್ತಿದೆ, ಹೋಟೆಲಿನವರು ಕಾಯುತ್ತಿದ್ದಾರೆ, ಸ್ವಲ್ಪ ಒತ್ತು ಎಂದು ಕೊಸಿಮೊ ಗೋಗರೆದ.

"ಮೊದಲು ಸಮುದ್ರ," ಎಂದೆ. "ಹೋಟೆಲು ಆಮೇಲೆ."

ಅಂದು ನಾವು ಎಂದಿಗಿಂತ ಹೆಚ್ಚು ಹೊತ್ತು ನೀರಿನಲ್ಲಿದ್ದೆವು. ಹೆಗಲ ಮೇಲೆ ನಮ್ಮ ಮೂರು ಟವಲು, ಕೈಯಲ್ಲಿ ಡಬ್ಬ ಹಿಡಿದು ದಡದಲ್ಲಿ ಬೆವರುತ್ತಾ ನಿಂತಿದ್ದವನಿಗೆ, ಅವನಮ್ಮ ಹೋಗುವುದು ಎಲ್ಲಿಗೆಂದು ಗೊತ್ತಾಗಿರಬೇಕು.