ಬೆರಳ ಸಂದಿಗೆ ನುಂಗಿದ ಮಾತ್ರೆ

ನಮ್ಮ ಲಾಂಡ್ರಿಯಲ್ಲಿ ಓದಿದವರು ಕಡಿಮೆ, ವೈದ್ಯರು ಜಾಸ್ತಿ. ಅವರಲ್ಲೆಲ್ಲ ಹಿರಿಯ ವೈದ್ಯನೆಂದರೆ ಕೊಳೆ ಬಟ್ಟೆ ವಿಂಗಡಿಸಿ ಬಣ್ಣದ ಚೀಟಿ ಕಟ್ಟುವವನು. ಅವನನ್ನು ಡಾಕ್ಟ್ರೇ ಎಂದು ಮೊದಲು ಗೇಲಿಗೆ ಕರೆದರು. ಆಮೇಲೆ ಅವನೂ ನಂಬಿದ, ಇವರೂ ನಂಬಿದರು. ಅವನ ಮೇಜಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ. ಯಾರ ಮನೆಯಲ್ಲಿ ಮಾತ್ರೆ ಉಳಿದರೂ ತಂದು ಅದಕ್ಕೆ ಹಾಕಬೇಕು, ಹಾಕದವರು ಜಿಪುಣರು. ಸತ್ತವರ ಮನೆಯಿಂದ ಬಂದ ಮಾತ್ರೆಯೂ ಅದರಲ್ಲಿದೆ. ತಿಂದು ಸತ್ತರೋ ತಿನ್ನದೆ ಸತ್ತರೋ ಎಂದು ಕೇಳಿದವರಿಲ್ಲ.

ಡಬ್ಬಿಯಲ್ಲಿ ಬೇಗ ಖಾಲಿಯಾಗುವುದು ಕಾಲಿನ ಮಾತ್ರೆ. ತೊಳೆಯುವ ಕೋಣೆಯವರು ದಿನವಿಡೀ ನೀರಲ್ಲಿ ನಿಲ್ಲುವುದರಿಂದ ಕಾಲ್ಬೆರಳ ಸಂದಿ ಕೊಳೆತು ಬಿರಿಯುತ್ತದೆ. ಫಂಗಸ್ ಅಂತೆ. ಎಲ್ಲರಿಗೂ ಅದೇ ರೋಗ, ಎಲ್ಲರಿಗೂ ಅದೇ ಮಾತ್ರೆ.

ನಾನು ಇಸ್ತ್ರಿ ಮೇಜಿನವಳು. ನನ್ನ ಕಾಲು ಒಣಗಿಯೇ ಇರುತ್ತದೆ, ಬಿಸಿ ಇರುವುದು ನಾಲಿಗೆ. ತೊಳೆಯುವ ಕೋಣೆಯಲ್ಲಿರುವವನು ನನ್ನ ತಮ್ಮ. ಅವನಿಗೆ ಎರಡು ವರ್ಷದಿಂದ ಹೊಟ್ಟೆಯ ತೊಂದರೆ. ಉಂಡ ಅನ್ನ ಕೆಳಗಿಳಿಯುವುದಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ಬಿರಿದು, ಬೆಳಗ್ಗೆ ತಿಂದದ್ದು ಸಂಜೆ ವಾಂತಿಯಾಗುತ್ತಿತ್ತು. ಮೈಯಲ್ಲಿ ಮೂಳೆ ಎಣಿಸಬಹುದಾಗಿತ್ತು. ಬೇರೆ ಔಷಧಿ ಯಾವುದೂ ಹಿಡಿಸದೆ ಹೋದಾಗ ಆಸ್ಪತ್ರೆಯ ಡಾಕ್ಟರಮ್ಮ ಕೊನೆಗೆ ಒಂದು ಮಾತ್ರೆಯ ಮಾತೆತ್ತಿದರು. ಕೊಡುವ ಮೊದಲು ಇಸಿಜಿ ತೆಗೆಸಿದರು, ರಕ್ತದಲ್ಲಿ ಉಪ್ಪಿನ ಅಂಶ ನೋಡಿಸಿದರು, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಹೊಟ್ಟೆಗೆ ಒಳ್ಳೇದು. ಆದ್ರೆ ಎದೆ ಬಡಿತ ತಪ್ಪಿಸಬಹುದು. ಪ್ರಾಣಕ್ಕೇ ಬರಬಹುದು."

"ಹೊಟ್ಟೆಗೆ ತಗೊಂಡ್ರೆ ಎದೆಗೇನಾಗುತ್ತೆ ಮೇಡಂ?" ಎಂದ ನನ್ನ ತಮ್ಮ.

"ಎರಡೂ ನಿನ್ನ ಮೈಯಲ್ಲೇ ಇದಾವಲ್ಲಪ್ಪ."

ಊಟಕ್ಕೆ ಕಾಲು ಗಂಟೆ ಮೊದಲು ಒಂದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ತಲೆ ಸುತ್ತಿದರೆ, ಎದೆ ಅಡ್ಡಾದಿಡ್ಡಿ ಬಡಿದರೆ ನಿಲ್ಲಿಸಿ ನೇರ ಆಸ್ಪತ್ರೆಗೆ. ಯಾವ ಕಾಯಿಲೆಗಾದರೂ ಸರಿ, ಕೇಳದೆ ಇನ್ನೊಂದು ಮಾತ್ರೆ ಬಾಯಿಗೆ ಹಾಕಬಾರದು. ಕೆಲಸ ಏನೆಂದು ಕೇಳಿ, ಲಾಂಡ್ರಿ ಎಂದು ತಿಳಿದ ಮೇಲೆ ಅವನ ಪಾದ ನೋಡಿ ಇನ್ನೊಂದು ಸಾಲು ಸೇರಿಸಿದರು. "ಕಾಲಿಗೆ ಮುಲಾಮು ಹಚ್ಚು. ಫಂಗಸ್ ಮಾತ್ರೆ ಮಾತ್ರ ನುಂಗಲೇಬೇಡ. ಅದು ಈ ಮಾತ್ರೆನ ಮೈಯಿಂದ ಹೊರಗೆ ಹೋಗೋಕೆ ಬಿಡಲ್ಲ, ರಕ್ತದಲ್ಲೇ ಏರ್ತಾ ಹೋಗುತ್ತೆ."

ಇದಕ್ಕಿಂತ ಬಿಡಿಸಿ ಹೇಳಬೇಕೆಂದರೆ ಕಿವಿಯೊಳಗೆ ಇಳಿದು ಹೇಳಬೇಕಿತ್ತು.

ಎರಡು ತಿಂಗಳು ಅವನು ಮನುಷ್ಯರ ಹಾಗೆ ಉಂಡ. ಎರಡನೇ ಸಲ ಬಡಿಸು ಎಂದಾಗ ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದೂ ಉಂಟು. ಹೊಟ್ಟೆ ನೆಟ್ಟಗಾದ ಕೂಡಲೇ ಬುದ್ಧಿ ಸೊಟ್ಟಗಾಯಿತು.

ಒಂದು ಬೆಳಗ್ಗೆ ನಾನು ಅಂಗಿಯ ಕಾಲರಿಗೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದೆ. ತೊಳೆಯುವ ಕೋಣೆಯಲ್ಲಿ ದಡಾರೆಂದಿತು. ಓಡಿ ಹೋದರೆ ತಮ್ಮ ನೀರಲ್ಲಿ ಬಿದ್ದಿದ್ದಾನೆ. ಅರೆಗಳಿಗೆಯಲ್ಲಿ ಕಣ್ಣು ಬಿಟ್ಟ.

"ಅಕ್ಕ, ಬಟ್ಟೆಯೆಲ್ಲ ಒಂದೇ ಕಡೆ ಸೇರ್ಕೊಂಡ ಮಷೀನ್ ಥರ ಬಡ್ಕೊಳ್ತಿದೆ ಎದೆ."

"ಗ್ಯಾಸು," ಎಂದ ನಮ್ಮ ಲಾಂಡ್ರಿ ಡಾಕ್ಟ್ರು. "ಸೋಡಾ ಕುಡಿಸಿ, ಒಂದು ತೇಗು ಬಂದ್ರೆ ಸರಿಹೋಗ್ತಾನೆ."

"ನೀನು ಆಚೆ ಸರಿ. ಅವನು ಸರಿಹೋಗ್ತಾನೆ," ಎಂದೆ.

ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಮಲಗಿಸಿದೆವು. ಡ್ರೈವರು ನಮ್ಮನ್ನು ಆಸ್ಪತ್ರೆ ಬಾಗಿಲಲ್ಲಿಳಿಸಿ ಲಾಂಡ್ರಿಗೆ ಹಿಂದಿರುಗಿದ. ಡಾಕ್ಟರಮ್ಮ ಎದೆಗೆ ವೈರು ಅಂಟಿಸಿ ಪರದೆ ನೋಡಿದವರೇ ಮುಖ ಬಿಗಿ ಮಾಡಿಕೊಂಡರು.

"ಬೇರೆ ಏನು ನುಂಗಿದೀಯ?"

"ಏನೂ ಇಲ್ಲ ಮೇಡಂ."

"ಏನು ಅಂತ ಗೊತ್ತಾಗದೆ ನಾನು ಕುರುಡಿ ಥರ ಔಷಧಿ ಕೊಡಬೇಕಾಗುತ್ತೆ. ಇನ್ನೊಂದು ಸಲ ಬಡಿತ ಹಾಗೆ ತಪ್ಪಿದ್ರೆ ವಾಪಸ್ ಬರದೇನೂ ಇರಬಹುದು."

"ಏನೂ ಇಲ್ಲ," ಎಂದು ಅವನು ಗೋಡೆ ಕಡೆ ತಿರುಗಿದ. ಸಾವಿಗಿಂತ ಅಕ್ಕನ ಬೈಗುಳಕ್ಕೆ ಹೆದರುವ ಗಂಡಸು.

ಹೊದಿಕೆಯ ತುದಿಯಿಂದ ಅವನ ಪಾದ ಹೊರಗೆ ಚಾಚಿತ್ತು. ಹೋದ ವಾರ ನಾನೇ ಮುಲಾಮು ಕೊಟ್ಟಾಗ ರಕ್ತ ಒಸರುತ್ತಿದ್ದ ಬೆರಳ ಸಂದಿ ಈಗ ಮಗುವಿನದರಂತೆ ನುಣ್ಣಗಿತ್ತು. ಮುಲಾಮಿನ ಟ್ಯೂಬು ಮನೆಯಲ್ಲಿ ಮುಚ್ಚಳ ಬಿಚ್ಚದೆ ಬಿದ್ದಿರುವುದನ್ನು ನಾನು ಬೆಳಗ್ಗೆಯಷ್ಟೇ ನೋಡಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಇಷ್ಟು ಲೆಕ್ಕ ನನಗೆ ಬರುತ್ತದೆ.

ಲಾಂಡ್ರಿಗೆ ಫೋನು ಮಾಡಿದೆ. "ನನ್ನ ತಮ್ಮನಿಗೆ ಕಾಲಿನ ಮಾತ್ರೆ ಕೊಟ್ಟಿದೀಯಾ?"

"ನಾನ್ಯಾಕ್ ಕೊಡ್ಲಿ," ಎಂದ ಡಾಕ್ಟ್ರು.

"ಅವನು ಸಾಯ್ತಿದಾನೆ. ಸತ್ರೆ ನಿನ್ನ ಡಬ್ಬಿ ಸಮೇತ ನಿನ್ನನ್ನ ಬಾಯ್ಲರಿಗೆ ಹಾಕ್ತೀನಿ. ಈಗ ಹೇಳು."

"ಅವನೇ ಕೇಳ್ದ ಅಕ್ಕ. ಡಾಕ್ಟರಮ್ಮ ಬರ್ಕೊಟ್ಟಿರೋದು ಹೊಟ್ಟೆ ವಿಚಾರ, ಇದು ಕಾಲಿನ ವಿಚಾರ, ಒಂದಕ್ಕೊಂದು ಸಂಬಂಧ ಇಲ್ಲ ಅಂದ. ನನಗೂ ಹೌದು ಅನ್ನಿಸ್ತು. ದಿನಕ್ಕೊಂದು ಸಾಕಿತ್ತು, ಬೇಗ ವಾಸಿಯಾಗ್ಲಿ ಅಂತ ಎರಡು ಕೊಟ್ಟೆ. ಆರು ದಿನ."

"ಹೆಸರು ಓದು."

"ಬಿಳೀದು. ಹಸಿರು ಹಾಳೆ."

"ಬಣ್ಣ ಕೇಳ್ಲಿಲ್ಲ. ಹಾಳೆ ಮೇಲಿರೋ ಹೆಸರು."

"ಓದೋಕೆ ಬಂದಿದ್ರೆ ನಾನ್ಯಾಕ್ ಇಲ್ಲಿ ಕೊಳೆ ಬಟ್ಟೆ ಎಣಿಸ್ತಿದ್ದೆ," ಎಂದ ಅವನು, ಮೆಲ್ಲಗೆ.

ಹನ್ನೆರಡು ವರ್ಷ. ಹನ್ನೆರಡು ವರ್ಷ ಬಣ್ಣ ನೋಡಿ ನಲವತ್ತು ಜನಕ್ಕೆ ವೈದ್ಯ ಮಾಡಿದ್ದಾನೆ. ನಾವು ನಲವತ್ತು ಜನ, ಅದರಲ್ಲಿ ನಾನೂ ಒಬ್ಬಳು, ಬಾಯಿ ತೆರೆದು ನಿಂತಿದ್ದೇವೆ.

ಆಗಷ್ಟೇ ವ್ಯಾನು ಲಾಂಡ್ರಿ ತಲುಪಿತ್ತು. ಡ್ರೈವರು ಫೋನು ಇಸಿದುಕೊಂಡು ಒಂದೊಂದೇ ಅಕ್ಷರ ಹೇಳಿದ. ನಾನು ಕೂಗಿದಂತೆಲ್ಲ ಡಾಕ್ಟರಮ್ಮ ಬರೆದುಕೊಂಡರು. ಹೆಸರು ಪೂರ್ತಿಯಾಗುವ ಮೊದಲೇ ಅವರಿಗೆ ತಿಳಿಯಿತು. ಎರಡೂ ಮಾತ್ರೆ ನಿಲ್ಲಿಸಿದರು. ಯಾವುದೋ ಬಾಟಲಿ ತೂಗುಹಾಕಿ ರಕ್ತನಾಳಕ್ಕೆ ಹನಿ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮತ್ತೊಮ್ಮೆ ಬಡಿತ ತಪ್ಪಿತು. ಎದೆಗೆ ಶಾಕ್ ಕೊಡುವ ಯಂತ್ರವನ್ನು ಅಷ್ಟರಲ್ಲಿ ಪಕ್ಕದಲ್ಲೇ ತಂದಿಟ್ಟುಕೊಂಡಿದ್ದರು. ಬದುಕಿದ.

ಐದನೇ ದಿನ ಮನೆಗೆ ಹೊರಡುವಾಗ ಅವನು ಕೇಳಿದ, "ಮೇಡಂ, ಹೊಟ್ಟೆ ಮಾತ್ರೆ ಯಾವತ್ತಿಂದ ಶುರು ಮಾಡ್ಲಿ?"

"ಶುರು ಮಾಡಲ್ಲ. ನಿನ್ನ ಎದೆ ಒಂದ್ಸಲ ಹಾಗೆ ಆಡಿದ ಮೇಲೆ ನಾನು ಅದನ್ನ ಕೊಡೋ ಹಾಗಿಲ್ಲ."

"ಇನ್ಮೇಲೆ ನೀವು ಹೇಳಿದ್ ಹಾಗೇ ಕೇಳ್ತೀನಿ."

"ಕೇಳಪ್ಪ. ಮಾತ್ರೆ ಇಲ್ಲ ಅನ್ನೋದನ್ನೂ ಕೇಳು."

ಅವನು ನನ್ನ ಕಡೆ ನೋಡಿದ. ನಾನು ಬಾಯಿ ಮಾಡಿ ಯಾರನ್ನಾದರೂ ಗೆಲ್ಲುತ್ತೇನೆಂದು ಅವನಿಗೆ ಹುಟ್ಟಿದಾಗಿನಿಂದ ನಂಬಿಕೆ. "ನೀನಾದ್ರೂ ಹೇಳಕ್ಕ."

ಜಗಳವಾಡಲು ನನಗೆ ಯಾರೂ ಸಿಗಲಿಲ್ಲ. "ಚಪ್ಪಲಿ ಹಾಕ್ಕೊ," ಎಂದೆ.

ಮನೆಯಲ್ಲಿ ತೆಳು ಗಂಜಿ ಕಾಸಿ ಕೊಟ್ಟೆ. ನಾಲ್ಕು ಚಮಚ ಕುಡಿದು, ಹೊಟ್ಟೆಯ ಮೇಲೆ ಕೈಯಿಟ್ಟು ಕೂತ. ಐದನೆಯದನ್ನು ಎತ್ತಿ, ನೋಡಿ, ಬಟ್ಟಲಿಗೇ ಸುರಿದ.