ಅಳತೆಗೆ ಬಂದ ಅಂಗಿ

ಬಗಲಿನ ಹೊಲಿಗೆಗೆ ಬ್ಲೇಡಿನ ತುದಿ ಕೊಟ್ಟು ಅವಳು ಒಂದೊಂದೇ ದಾರ ಕತ್ತರಿಸುತ್ತಾ ಬರುತ್ತಿದ್ದಳು. ನೀಲಿ ನಿಲುವಂಗಿ ಅದು. ಬೆಟ್ಟದ ಮೇಲೆ ವಸತಿಗೃಹ ನಡೆಸುವ ಗಂಡನ ಅಕ್ಕ ಅಳತೆಗೆಂದು ಕಳಿಸಿದ್ದು. ಅಲ್ಲಿ ಕೆಲಸಕ್ಕಿರುವ ಹುಡುಗಿಯರೆಲ್ಲ ಇದನ್ನೇ ತೊಡಬೇಕಂತೆ. ಇದು ಹಿಂದಿನ ಹುಡುಗಿಯದು, ಇದೇ ನಮೂನೆಯಲ್ಲಿ ನಿನ್ನ ಮಗಳಿಗೊಂದು ಹೊಲಿ ಎಂದು ಹೇಳಿಕಳಿಸಿದ್ದರು. ಬರೀ ಹೊರಗಿನಿಂದ ನೋಡಿ ಹೊಲಿಯುವುದು ಅವಳಿಗೆ ಒಗ್ಗದು. ಬಿಚ್ಚಿ, ತುಂಡುಗಳಿಗೆ ಇಸ್ತ್ರಿ ಹಾಕಿ, ಕಾಗದದ ಮೇಲೆ ಹರಡಿ ಗೆರೆ ಎಳೆದರೇ ಸಮಾಧಾನ. ಆಮೇಲೆ ಮತ್ತೆ ಕೂಡಿಸಿ ಹೊಲಿದರಾಯಿತು.

ಬಾಗಿಲ ಬಳಿ ಮಗಳು ಚೀಲಕ್ಕೆ ಪುಸ್ತಕ ತುರುಕುತ್ತಿದ್ದಳು. ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಆದರೆ, "ಸೇರೋಕೆ ಮುಂಚೆ ಒಂದು ವರ್ಷ ಉಸಿರಾಡ್ಕೊಂಡು ಬರ್ತೀನಮ್ಮಾ" ಎಂದು ಒಂದೇ ಹಟ. ಕಾಲೇಜಿನವರು ಒಂದು ವರ್ಷ ಸೀಟು ಕಾದಿರಿಸಲು ಒಪ್ಪಿದ್ದರು. ಅದು ದಾಟಿದರೆ ಕೈಬಿಟ್ಟ ಹಾಗೆಯೇ. ಖರ್ಚಿಲ್ಲದೆ ವರ್ಷ ಕಳೆಯುವುದು ಹೇಗೆಂದು ಅಪ್ಪ ಮಗಳು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಬೆಟ್ಟದಿಂದ ಗಂಡನ ಅಕ್ಕನ ಫೋನು ಬಂದಿತ್ತು. ಅರ್ಧ ದಿನ ಕೆಲಸ, ಅರ್ಧ ದಿನ ಅವಳಿಷ್ಟ, ಊಟ ವಸತಿ ನಮ್ಮದು.

"ಅರ್ಧ ದಿನ ಬೆಟ್ಟದ ಕಲ್ಲು ನೋಡ್ತಾ ಓಡಾಡ್ತೀನಿ. ನಾಳೆ ಓದೋದೂ ಕಲ್ಲಿನ ವಿಷಯಾನೇ ತಾನೆ?" ಎಂದಳು ಮಗಳು.

"ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ನಿಮ್ಮಪ್ಪ ಇಲ್ಲೇ ಕೂತಿದ್ದಾರೆ."

"ಕೇಳಿಸ್ತು, ಕೇಳಿಸ್ತು," ಎಂದ ಗಂಡ ಒಳಗಿನಿಂದ. "ಕಲ್ಲಿಗೂ ಹಸಿವಾಗ್ತಿದೆ, ಅನ್ನ ಆಯ್ತಾ?"

ಮಗಳು ನಕ್ಕಳು. ಅವಳೂ ನಗುತ್ತಲೇ ಬಿಚ್ಚಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದ ಕೈ ಹಾಗೇ ನಿಂತಿತು.

ಬಟ್ಟೆಯಲ್ಲಿದ್ದುದು ಒಂದೇ ನೀಲಿಯಲ್ಲ. ನಡುಭಾಗ ಮಾಸಿ ಬೂದುಬಣ್ಣಕ್ಕೆ ತಿರುಗಿತ್ತು. ಅಂಚಿಗೆ ಬಂದಂತೆ ಒಂದು ಪಟ್ಟಿ ಸ್ವಲ್ಪ ಗಾಢ, ಅದರಾಚೆಯದು ಇನ್ನೂ ಗಾಢ, ಹೊಲಿಗೆಯೊಳಗೆ ಅವಿತಿದ್ದುದು ಅಂಗಡಿಯಿಂದ ತಂದಂಥ ಹೊಸ ನೀಲಿ. ಪಟ್ಟಿಗಳ ನಡುವೆ ಹಳೆಯ ಹೊಲಿಗೆಯ ಸೂಜಿತೂತುಗಳ ಸಾಲು. ಒಬ್ಬಳಿಗೆ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿ ಅಗಲ ಮಾಡಿದ್ದಾರೆ. ಮತ್ತೆ ಬಿಗಿಯಾಗಿದೆ, ಮತ್ತೆ ಬಿಚ್ಚಿದ್ದಾರೆ. ಅವಳು ಕೆಳಗಿನ ಮಡಿಕೆಯನ್ನೂ ಬಿಚ್ಚಿದಳು. ಅಲ್ಲೂ ಅದೇ ಕಥೆ. ಒಂದು ವರ್ಷದ ಒಗೆತಕ್ಕೆ ಬಟ್ಟೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾಸುವುದಿಲ್ಲ.

ಬೇರೆ ಬೇರೆ ಹುಡುಗಿಯರು ತೊಟ್ಟಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮಡಿಕೆಯ ಗುರುತುಗಳೆಲ್ಲ ಬಲಗಡೆ ಒಂದು ಬೆರಳು ಮೇಲೆ ಹೋಗಿದ್ದವು. ಬಲಭುಜ ಕೊಂಚ ತಗ್ಗಿದ್ದವಳಿಗೆ ಹಾಗೆ ಎತ್ತಿ ಮಡಿಯಬೇಕಾಗುತ್ತದೆ. ಎಲ್ಲ ಗುರುತೂ ಒಂದೇ ಮೈಯದು. ಎಳೆ ಹುಡುಗಿಯಾಗಿ ತೊಟ್ಟ ಅಂಗಿಯೊಳಗೇ ಅವಳು ಹೆಂಗಸಾಗಿದ್ದಳು. ಒಂದು ಕಾಸೂ ಇಟ್ಟುಕೊಳ್ಳಲಾಗದಂತೆ ಜೇಬಿನ ಬಾಯಿಯನ್ನು ಯಾರೋ ಮಿಷಿನ್ನಿನಲ್ಲಿ ಒತ್ತಾಗಿ ಹೊಲಿದು ಮುಚ್ಚಿದ್ದರು.

ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದಳು.

"ಅಕ್ಕಾ, ಈ ಅಂಗಿ ಹುಡುಗಿ ನಿಮ್ಮಲ್ಲಿ ಎಷ್ಟು ದಿನ ಇದ್ದಳು?"

"ಒಂದು ವರ್ಷಕ್ಕೆ ಬಂದಳು, ವರ್ಷ ತುಂಬಿದ ಮೇಲೆ ಹೋದಳು. ಈಗ ಎಲ್ಲೋ ಓದ್ತಿದ್ದಾಳೆ. ಯಾಕಮ್ಮಾ?"

"ಸುಮ್ಮನೆ. ಅಳತೆಗೆ ಕೇಳಿದೆ."

"ಹಾಂ, ಅಂದ ಹಾಗೆ ಒಳಗೆ ಬಟ್ಟೆ ಧಾರಾಳವಾಗಿ ಬಿಡು. ಬೆಳೆಯೋ ಮೈ. ಜೇಬು ಬೇಡ. ಮತ್ತೆ ಮಗುವಿನ ಅಂಕಪಟ್ಟಿ, ಸರ್ಟಿಫಿಕೇಟು ಎಲ್ಲಾ ಅಸಲೀದೇ ಕಳಿಸು. ನನ್ನ ಬೀರುವಿನಲ್ಲಿ ಭದ್ರವಾಗಿರುತ್ತೆ."

ಅಷ್ಟರಲ್ಲಿ ಆ ಕಡೆ ಗಂಟೆ ಮೊಳಗಿತು. "ಬಂದೆ, ಬಂದೆ ಅಮ್ಮಾ" ಎಂದು ಯಾರೋ ಓಡಿದ ಸದ್ದು. ಅದು ಹುಡುಗಿಯ ದನಿಯಲ್ಲ, ವಯಸ್ಸಾದ ಹೆಂಗಸಿನದು. ಗಂಡನ ಅಕ್ಕ ಫೋನಿಗೆ ಕೈ ಅಡ್ಡ ಹಿಡಿದಿರಬೇಕು, ಎಲ್ಲವೂ ಗಪ್‌ಚಿಪ್. ಆಮೇಲೆ ಮೊದಲಿನದೇ ಸಕ್ಕರೆ ದನಿ: "ಗಾಡಿ ನಾಳೆ ಬೆಳಗ್ಗೆ ಬರುತ್ತೆ ಕಣಮ್ಮಾ."

ಒಳಗೆ ಬಂದಾಗ ಗಂಡ ತಟ್ಟೆ ಮುಂದಿಟ್ಟುಕೊಂಡಿದ್ದ.

"ರೀ, ಬೇಸಿಗೆ ಕಳೆದ ಮೇಲೆ ಕಳಿಸಿದರೆ ಆಗಲ್ವಾ?"

"ಈಗೇನು ಹೊಸ ರಾಗ? ನಮ್ಮಕ್ಕ ನನ್ನನ್ನ ಎತ್ತಿ ಆಡಿಸಿದವಳು. ಅವಳ ಮನೆಗಿಂತ ಕ್ಷೇಮದ ಜಾಗ ಯಾವುದಿದೆ ಹೇಳು? ಬೇಕಾದರೆ ಈಗಲೇ ಫೋನ್ ಮಾಡ್ತೀನಿ, ನೀನೇ ಕೇಳು."

"ಬೇಡ ಬಿಡಿ," ಎಂದಳು. ಇವನ ಹೊಟ್ಟೆಯಲ್ಲಿ ಮಾತು ನಿಲ್ಲದು. ತನಗೆ ಬಂದ ಅನುಮಾನ ಅನ್ನ ಆರುವ ಮೊದಲೇ ಬೆಟ್ಟ ಹತ್ತಿಬಿಡುತ್ತದೆ. ತಾನು ಹೋಗಿ ಬಾಗಿಲು ತಟ್ಟುವ ಮೊದಲೇ ಅಲ್ಲಿ ಎಲ್ಲವನ್ನೂ ಮುಚ್ಚಿಟ್ಟಿರುತ್ತಾರೆ.

ಸಂಜೆ ಮಗಳಿಗೆ ಹೊಸ ಅಂಗಿ ತೊಡಿಸಿ ನೋಡಿದಳು. ಬಿಳಿ ಗೋಡೆಯೆದುರು ಆ ನೀಲಿಯಲ್ಲಿ ಮಗಳು ಯಾರದೋ ಮನೆಯವಳಂತೆ ಕಂಡಳು. ತನ್ನ ಕೈಯ ಹೊಲಿಗೆ ಅಷ್ಟು ಚೆನ್ನಾಗಿ ಕೂತಿದ್ದು ಮೊದಲ ಬಾರಿಗೆ ಅವಳಿಗೆ ಬೇಡವೆನಿಸಿತು.

"ಹೇಗಿದೆ?" ಮಗಳು ಗಿರ್ರನೆ ತಿರುಗಿದಳು. "ಯಾಕಮ್ಮಾ, ಮುಖ ಹೀಗೆ ಮಾಡ್ಕೊಂಡಿದ್ದೀಯ? ಒಂದೇ ವರ್ಷ. ಕಣ್ಣು ಮಿಟುಕಿಸೋದರಲ್ಲಿ ಬಂದುಬಿಡ್ತೀನಿ."

"ಅಲ್ಲಾಡಬೇಡ, ಪಿನ್ನು ಚುಚ್ಚೀತು."

ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕಾಲ ಬಳಿ ಕೂತವಳ ಮನಸ್ಸು ಆಗಲೇ ನಾಳೆಯ ಬೆಳಗಿನಲ್ಲಿತ್ತು. ಮಗಳಿಗೆ ಒಂದು ವರ್ಷ ಬೇಕು, ಅದು ಸಿಗಲಿ. ಈ ಊರಲ್ಲೇ ಅರ್ಧ ದಿನದ ಕೆಲಸ ಹುಡುಕಿದರಾಯಿತು. ಕಲ್ಲು ಎಲ್ಲಿಲ್ಲ? ಕೋಪ ಮಾಡಿಕೊಳ್ಳುತ್ತಾಳೆ, ಮಾಡಿಕೊಳ್ಳಲಿ. ಗಾಡಿ ಬಂದು ನಿಂತಾಗ ಹತ್ತುವವಳು ಮಗಳಲ್ಲ, ತಾನು. ಹೋಗಿ, ನೆಂಟಸ್ತಿಕೆಯ ನಗು ನಕ್ಕು, ಅಡುಗೆಮನೆ ಹಿತ್ತಿಲುಗಳಲ್ಲೆಲ್ಲ ಬಲಭುಜ ತಗ್ಗಿದ ಆ ಹಳೆಯ ಅಂಗಿಯ ಹೆಂಗಸನ್ನು ಹುಡುಕಬೇಕು. ಅವಳು ಅಲ್ಲಿದ್ದರೆ, ಬರುತ್ತೇನೆಂದರೆ, ಕರೆದುಕೊಂಡೇ ಇಳಿಯಬೇಕು.

"ಆಯ್ತೇನೇ?" ಎಂದು ಗಂಡ ಕೂಗಿದ.

"ಆಯ್ತು," ಎಂದು ಅವಳು ಕೊನೆಯ ಪಿನ್ನು ಸಿಕ್ಕಿಸಿದಳು.