ತೊಳೆದಿಟ್ಟ ಹೆಗ್ಗಣದಾಟ

ಕನ್ನಡಕದಂಗಡಿಯಲ್ಲಿ ಗಾಜು ಅಳೆಯುವ ಕೆಲಸದವನಿಗೆ ಡಬ್ಬಿ ಪಂಡಿತ ಎಂದು ಹೆಸರಿಟ್ಟವಳು ಅವನ ಹೆಂಡತಿಯೇ. ಮನೆಯ ಹಿಂದಿನ ಕೋಣೆಯ ತುಂಬ ಹಳೆಯ ಫ್ಲಾಪಿ ಡಿಸ್ಕುಗಳ ಡಬ್ಬಿಗಳು, ಅವುಗಳ ನಡುವೆ ಪಂಡಿತ. ಡಾಸ್ ಕಾಲದ ಕಂಪ್ಯೂಟರ್ ಆಟಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ಹತ್ತಿಯಲ್ಲಿ ಒರೆಸಿ, ಒಂದಕ್ಷರ ಬಿಡದೆ ನಕಲು ತೆಗೆದು, ಡಿಸ್ಕ್ ಇಮೇಜ್ ಎಂಬ ಒಂದೇ ಕಡತವಾಗಿ ಕೂಡಿಡುವುದು ಅವನ ವ್ರತ. ಆ ಕಡತವನ್ನು ಎಮ್ಯುಲೇಟರ್ ಎಂಬ ತಂತ್ರಾಂಶಕ್ಕೆ ಉಣಿಸಿದರೆ ಇವತ್ತಿನ ಕಂಪ್ಯೂಟರು ಮೂವತ್ತು ವರ್ಷ ಹಿಂದಿನದರ ವೇಷ ಹಾಕಿ ಕುಣಿಯುತ್ತಿತ್ತು. ಆದರೆ ಪಂಡಿತ ಆಡುವವನಲ್ಲ. ಆಟ ಶುರುವಾಗುವುದನ್ನು ನೋಡಿ ಮುಚ್ಚಿಬಿಡುತ್ತಿದ್ದ. ಹಬ್ಬದಡುಗೆ ಮಾಡಿ, ಯಾರಿಗೂ ಬಡಿಸದೆ, ಪಾತ್ರೆ ತೊಳೆದಿಡುವ ಪೈಕಿ.

ಇಂಥವರದೇ ಒಂದು ಸಂಘ ಇಂಟರ್‌ನೆಟ್ಟಿನಲ್ಲಿತ್ತು. ಒಂದೊಂದು ಆಟಕ್ಕೂ ಅವರ ಪಟ್ಟಿಯಲ್ಲಿ, ಕಡತದ ಅಕ್ಷರ ಅಕ್ಷರವನ್ನೂ ಲೆಕ್ಕಹಾಕಿ ತೆಗೆದ ಒಂದೊಂದು ಉದ್ದನೆಯ ಗುರುತಿನ ಸಂಖ್ಯೆ. ನಿಮ್ಮ ನಕಲಿನ ಸಂಖ್ಯೆ ಅದಕ್ಕೆ ಹೊಂದಿದರೆ ಅದು ‘ಶುದ್ಧ ಪ್ರತಿ’, ನಿಮ್ಮ ಹೆಸರಿನ ಮುಂದೆ ಹಸಿರು ಗುರುತು. ಡಿಸ್ಕು ಅಂಗಡಿಯಿಂದ ಬಂದ ಮೇಲೆ ಯಾರಾದರೂ ಆಡಿ, ಅವರ ಅಂಕ ಅದರಲ್ಲಿ ದಾಖಲಾಗಿದ್ದರೆ ಸಂಖ್ಯೆ ಬದಲಾಗುತ್ತದೆ, ಆಗ ಅದು ‘ಕೊಳಕು ಪ್ರತಿ’. ಆಟವನ್ನು ಆಡಿದ್ದೇ ಅಪರಾಧ. ಇಷ್ಟು ಮಡಿ ಯಾವ ಅಜ್ಜಿಯೂ ಮಾಡಿರಲಾರಳು.

ಒಂದು ಸಂಜೆ ಪಂಡಿತನ ಅಕ್ಕ ಕೆಲಸ ಮುಗಿಸಿ ನೇರವಾಗಿ ಬಂದಳು. ಹಲ್ಲಿನ ವೈದ್ಯರಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವವಳು, ಮಾತು ಕಡಿಮೆ. ಚೀಲದಿಂದ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. ಬಿಲ ಕೊರೆಯುತ್ತ ಹರಳು ಹೆಕ್ಕುವ ಒಂದು ಪ್ರಾಣಿಯ ಆಟ ಅದು. ಆ ಪ್ರಾಣಿ ಯಾವುದೆಂದು ಗೊತ್ತಾಗದೆ ಮನೆಯವರೆಲ್ಲ ಹೆಗ್ಗಣದಾಟ ಅನ್ನುತ್ತಿದ್ದರು. ಅದರ ವಿಷಯವಾಗಿ ಅಕ್ಕ-ಭಾವನ ನಡುವೆ ಮೂವತ್ತು ವರ್ಷದ ಜಗಳವಿತ್ತು. ಡ್ರೈವಿಂಗ್ ಶಾಲೆಯ ಮೇಷ್ಟ್ರಾದ ಭಾವ, ಸ್ಟಿಯರಿಂಗ್ ಹಿಡಿದ ಈ ಕೈಯನ್ನು ಆ ಆಟದಲ್ಲಿ ಸೋಲಿಸಿದವರಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅವರು ಊರಲ್ಲಿಲ್ಲದ ಒಂದು ಭಾನುವಾರ ತಾನು ಅವರನ್ನು ಮೀರಿಸಿದ್ದೇನೆ, ತನ್ನ ಹೆಸರೇ ಮೊದಲ ಸಾಲಿನಲ್ಲಿದೆ ಎನ್ನುವುದು ಅಕ್ಕನ ವಾದ. ಕಂಪ್ಯೂಟರ್ ಕೆಟ್ಟು ತೋರಿಸಲು ದಾರಿಯಿಲ್ಲದ ಅವಳು ಹಾಗೆ ಹೇಳಿದಾಗೆಲ್ಲ ಭಾವ ನಗುತ್ತಿದ್ದರು. ಹೋದ ವಾರ ಹೊಸ ಅಳಿಯನ ಎದುರೂ ನಕ್ಕರು, ಅಳಿಯನೂ ಮಾವನ ಜೊತೆ ನಕ್ಕ. ಅದು ಅಕ್ಕನಿಗೆ ತಡೆಯಲಾಗಲಿಲ್ಲ. ಆ ಅಂಕಪಟ್ಟಿಯನ್ನು ಎಲ್ಲರಿಗೂ ಒಮ್ಮೆ ತೋರಿಸು, ನನಗೆ ಅಷ್ಟೇ ಸಾಕು ಎಂದು ತಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದಳು.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಕ್ಕ ಹೇಳುತ್ತಿದ್ದಷ್ಟು ಹೊತ್ತೂ ಪಂಡಿತ ಭೂತಗನ್ನಡಿ ಹಿಡಿದು ಡಿಸ್ಕಿನ ಲೇಬಲ್ ನೋಡುತ್ತಿದ್ದ. ಡಿಸ್ಕು ತಂದುಕೊಡುವವರೆಲ್ಲ ಜೊತೆಗೊಂದು ಪುರಾಣ ತರುತ್ತಾರೆ, ಅದನ್ನು ಕಿವಿಗೆ ಹಾಕಿಕೊಳ್ಳಬಾರದು ಎಂಬುದು ಅವನ ಅನುಭವ. ಹೂಂ ಹೂಂ ಅಂದ. ಭಾನುವಾರ ಎಲ್ಲರೂ ಬನ್ನಿ ಅಂದ.

ನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದ. ಹಳೆಯ ಡಿಸ್ಕು ಎರಡು ಕಡೆ ಓದಲೊಲ್ಲದೆ ಮೊಂಡಾಟ ಮಾಡಿತು. ಇಪ್ಪತ್ತು ಸಲ ಓದಿಸಿ ಒಲಿಸಿಕೊಂಡ. ಇಡೀ ಇಮೇಜ್ ಕೈಗೆ ಬಂದಾಗ ಸಂಖ್ಯೆ ಪಟ್ಟಿಗೆ ಹೊಂದಲಿಲ್ಲ. ಹುಡುಕಿದರೆ ತಪ್ಪೆಲ್ಲ ಒಂದೇ ಪುಟ್ಟ ಕಡತದಲ್ಲಿ, ಯಾರೋ ಆಡಿ ಬಿಟ್ಟ ಹೆಸರುಗಳೂ ಅಂಕಗಳೂ. ಪಂಡಿತ ಮುಖ ಸಿಂಡರಿಸಿದ. ಸಂಘದ ಗೆಳೆಯನೊಬ್ಬನಿಂದ ಯಾರೂ ಆಡಿರದ ಪ್ರತಿಯ ಅದೇ ಕಡತ ತರಿಸಿ ಅದರ ಜಾಗಕ್ಕೆ ಕೂರಿಸಿದ, ತಾರೀಕನ್ನೂ ತಿದ್ದಿದ. ಸಂಖ್ಯೆ ಹೊಂದಿತು. ಆಗ ಅವನಿಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದನೇ? ಇಮೇಜ್ ಶುದ್ಧವಾಗಿ ಡಿಸ್ಕು ಕೊಳಕಾಗಿರಬಾರದೆಂದು, ಮೂಲೆಯ ಪುಟ್ಟ ಗುಂಡಿ ಸರಿಸಿ, ತೊಳೆದ ಪ್ರತಿಯನ್ನೇ ಅಕ್ಕನ ಫ್ಲಾಪಿಗೂ ಬರೆದು, ಇನ್ನು ಯಾರೂ ಏನೂ ಬರೆಯದ ಹಾಗೆ ಗುಂಡಿಯನ್ನು ವಾಪಸು ಸರಿಸಿದ. ಜೋಪಾನವೇ ಜೋಪಾನ.

ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವನಿಗೆ ಕುರ್ಚಿ, ಅಳಿಯನಿಗೆ ಡಬ್ಬಿಯ ಮೇಲೆ ಆಸನ. ಬೆಳಗಿನಿಂದ ಮೀಸೆ ತಿರುವುತ್ತಿದ್ದ ಭಾವ ಇಲ್ಲಿಗೆ ಬಂದ ಮೇಲೆ ಯಾಕೋ ಸುಮ್ಮನಾಗಿದ್ದರು. ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದು ಪರದೆಯ ಎದುರಿಗೇ ನಿಂತಿದ್ದಳು. ಪಂಡಿತ ಒಂದು ಸಣ್ಣ ಭಾಷಣ ಬಿಗಿದು, ಆಟ ಶುರುಮಾಡಿ, ಅಂಕಪಟ್ಟಿ ತೆರೆದ.

ಹತ್ತು ಸಾಲು. ಹತ್ತರಲ್ಲೂ ಆಟ ಮಾಡಿದ ಕಂಪನಿಯದೇ ಹೆಸರು. ಮೊದಲನೆಯದಕ್ಕೆ ಸಾವಿರ ಅಂಕ, ಎರಡನೆಯದಕ್ಕೆ ಒಂಬೈನೂರು, ಹೀಗೇ ಇಳಿಯುತ್ತ ನೂರರವರೆಗೆ.

ಅಳಿಯ ಕೆಮ್ಮಿದ. ಅಕ್ಕನ ಮುಖ ಬಿಳಿಚಿಕೊಂಡಿತು. ಜಟ್ಟಿ ಜಾರಿ ಬೀಳದೆಯೇ ಉಳಿದುಕೊಂಡಿದ್ದ. ಭಾವ ಈಗ ಗಟ್ಟಿಯಾಗಿ ನಕ್ಕು, ಟೀ ಕೇಳಿ, ಎದ್ದು ಹೋಗಬಹುದಿತ್ತು. ಆದರೆ ಅವರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಇದಲ್ಲ ಕಣಯ್ಯಾ. ಮೊದಲನೇ ಸಾಲಲ್ಲಿ ನಲವತ್ತೆಂಟು ಸಾವಿರದ ಇನ್ನೂರ ಹತ್ತು ಇರ್ಬೇಕು. ಎಲ್ಲಿ ಅದು?”

ಭಾವನಿಗೆ ತಾನೇನು ಅಂದೆ ಎಂದು ಹೊಳೆಯುವಷ್ಟರಲ್ಲಿ ಅಕ್ಕ ಅವರ ಕಡೆ ತಿರುಗಿದ್ದಳು.

“ಯಾರದ್ರೀ ಅದು?”

“ಯಾರದ್ದು ಅಂದ್ರೆ... ನಿಂದೇ,” ಎಂದರು ಭಾವ, ನೆಲ ನೋಡುತ್ತ.

ಆಮೇಲೆ ಒಂದೊಂದೇ ಹೊರಗೆ ಬಂತು. ಊರಿಂದ ಬಂದ ದಿನವೇ ಅವರು ಆ ಸಾಲು ನೋಡಿದ್ದರು. ಕಂಪ್ಯೂಟರ್ ಕೆಟ್ಟು ಮೂಲೆ ಸೇರುವ ತನಕ, ಮೂರು ವರ್ಷ, ತಲೆನೋವು ಎಂದು ಬಾಗಿಲು ಹಾಕಿಕೊಂಡು ಅದನ್ನು ದಾಟಲು ಒದ್ದಾಡಿದ್ದರು. ನಲವತ್ತೇಳು ಸಾವಿರದ ಮೇಲೆ ಹೆಗ್ಗಣ ಒಂದು ಬಿಲವನ್ನೂ ಕೊರೆದುಕೊಡಲಿಲ್ಲ.

ಅಕ್ಕನಿಗೆ ಗೆದ್ದ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. “ಮೂವತ್ತು ವರ್ಷ ಹೊಟ್ಟೆಲಿ ಇಟ್ಕೊಂಡು ನಕ್ರಲ್ಲ. ಒಂದ್ಸಲ ಹೌದು ಅಂದಿದ್ರೆ ನಿಮ್ಮ ಬಾಯೇನು ಸವೀತಿತ್ತಾ?” ಎಂದಳು. ಆಮೇಲೆ ತಮ್ಮನಿಗೆ ಹೇಳಿದಳು: “ಇವತ್ತು ಹೌದು ಅಂದಿದಾರೆ, ನಾಳೆ ತಮಾಷೆಗೆ ಅಂದೆ ಅಂತಾರೆ. ನಂಗೆ ಅದು ಕಣ್ಣಲ್ಲಿ ಕಾಣಬೇಕು. ವಾಪಸ್ ತರೋಕಾಗತ್ತೇನೋ?”

ಪಂಡಿತ ಯಾವುದನ್ನೂ ಮೂರು ಕಡೆ ಕಾಪಾಡದೆ ಬಿಡುವವನಲ್ಲ. ಹೆಗ್ಗಣದಾಟವೂ ಮೂರು ಕಡೆ ಭದ್ರವಾಗಿತ್ತು. ಮೂರೂ ತೊಳೆದದ್ದು. ಕೊಳಕನ್ನು ಯಾರು ಕಾಪಾಡುತ್ತಾರೆ? ಅಕ್ಕನಿಗೆ ಇದನ್ನು ಹೇಳುವಾಗ ಅವನ ದನಿ ಎಷ್ಟು ಸಣ್ಣದಾಯಿತೆಂದರೆ ಅಳಿಯ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಖವಾಗಿರುತ್ತಿತ್ತು. ಫ್ಲಾಪಿಯನ್ನು ಮೇಜಿನ ಮೇಲೇ ಬಿಟ್ಟು, ಇನ್ನು ಇದು ನಿಂದೇ, ಇಟ್ಕೋ ಎಂದು ಹೊರಟುಹೋದಳು. ಭಾವ ಅವಳ ಹಿಂದೆ ಚೀಲ ಹೊತ್ತುಕೊಂಡು ನಡೆದರು.

ತೊಳೆದ ಪ್ರತಿಯ ಸಂಖ್ಯೆ ಬರೆದು, ಪ್ರತಿಯನ್ನೂ ಕಳಿಸಲೇ ಎಂದು ಪಂಡಿತ ಮೊದಲೇ ಕೇಳಿದ್ದಕ್ಕೆ ಮರುದಿನ ಸಂಘದವರ ಉತ್ತರ ಬಂತು. ಪಂಡಿತ ಇಂಗು ತಿಂದ ಮಂಗನಂತೆ ಪರದೆ ನೋಡುತ್ತ ಕೂತದ್ದನ್ನು ಕಂಡು, ಟೀ ತಂದ ಹೆಂಡತಿ ಏನು ಬರೆದಿದ್ದಾರೆ ಎಂದು ಕೇಳಿದಳು.

“ನಮ್ಮ ಪ್ರತಿ ಅವರದಕ್ಕೆ ಅಕ್ಷರ ಅಕ್ಷರ ಹೊಂದತ್ತಂತೆ. ಹಸಿರು ಗುರುತು ಹಾಕಿದಾರೆ. ಈ ಆಟಕ್ಕೆ ಆ ಗುರುತು ಸಿಕ್ಕ ನಲವತ್ತೊಂದನೆಯವನು ನಾನು. ಅದಕ್ಕೇ ಪ್ರತಿ ಕಳಿಸೋದು ಬೇಡವಂತೆ, ಅವರ ಹತ್ರ ಆಗಲೇ ಇದೆಯಂತೆ.”

ಹೆಂಡತಿ ಲೋಟ ಇಟ್ಟಳು. “ನಿಮ್ಮಕ್ಕ ತಂದುಕೊಟ್ಟಿದ್ದು ಅವರ ಹತ್ರ ಇತ್ತೇನ್ರೀ?”

ಪಂಡಿತ ಟೀ ಆರುವವರೆಗೂ ಭೂತಗನ್ನಡಿ ಒರೆಸುತ್ತ ಕೂತಿದ್ದ.